ಖಾಲಿ ಗಾಡಿಗಳ ಲೆಕ್ಕ: ಹಸಿದ ಯೀಸ್ಟ್ ಯಾವ ಪುಟ ತೆರೆಯುತ್ತದೆ?

(ರಾಯಚೂರಿನ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು ಮತ್ತು ಶಿಕ್ಷಕರ ಮುಂದೆ ಆಡಿದ ಮಾತಿನ ಬರಹ ರೂಪ)

ಇವತ್ತು ಮಧ್ಯಾಹ್ನ ನಿಮ್ಮಲ್ಲಿ ಎಷ್ಟು ಜನ ಜೋಳದ ರೊಟ್ಟಿ ತಿಂದು ಬಂದಿದ್ದೀರಿ? ಕೈ ಎತ್ತಿ. ಮುಕ್ಕಾಲು ಸಭೆ ಇದೆ. ರೊಟ್ಟಿ ಜೊತೆ ಬೇಳೆ ಇತ್ತು ಅಲ್ವಾ? ಇರಲೇಬೇಕು. ಜೋಳದ ಪ್ರೋಟೀನಿನಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲ ಕಡಿಮೆ. ತೊಗರಿ ಬೇಳೆಯಲ್ಲಿ ಅದು ಜಾಸ್ತಿ. ರೊಟ್ಟಿಯಲ್ಲಿ ಕಡಿಮೆ ಬಿದ್ದದ್ದನ್ನು ಬೇಳೆ ತುಂಬಿಕೊಡುತ್ತದೆ.

ನಮ್ಮ ಮೈ ಪ್ರೋಟೀನ್ ಕಟ್ಟಲು 20 ಬಗೆಯ ಅಮೈನೋ ಆಮ್ಲ ಬೇಕು. ಅದರಲ್ಲಿ 9 ನಮ್ಮ ಕೈಲಿ ಮಾಡಿಕೊಳ್ಳಲು ಆಗುವುದಿಲ್ಲ. ಊಟದಿಂದಲೇ ಬರಬೇಕು. ಆದರೆ ಬೇಕರಿಯವರು ಹಿಟ್ಟಿಗೆ ಹಾಕುವ ಯೀಸ್ಟ್ ಇದೆಯಲ್ಲ, ಅದಕ್ಕೆ ಈ ಕಷ್ಟ ಇಲ್ಲ. ಸ್ವಲ್ಪ ಸಕ್ಕರೆ, ಸ್ವಲ್ಪ ಅಮೋನಿಯಂ ಉಪ್ಪು, ಚಿಟಿಕೆ ಖನಿಜ, ಒಂದೆರಡು ವಿಟಮಿನ್ ಕೊಡಿ. 20ನ್ನೂ ತಾನೇ ಮಾಡಿಕೊಳ್ಳುತ್ತದೆ. ಅಡ್ಡಡ್ಡ ಅಳೆದರೆ ಒಂದು ಮಿಲಿಮೀಟರಿನ 200ನೇ ಒಂದು ಭಾಗ ಇರುವ ಜೀವ ಅದು. ಅದರೊಳಗೆ ನಮ್ಮಲ್ಲಿ ಇಲ್ಲದ ಕಾರ್ಖಾನೆಗಳಿವೆ.

ಆದರೆ ಅವನ್ನು ಅದು ಸದಾ ಪೂರ್ತಿ ವೇಗದಲ್ಲಿ ಓಡಿಸುವುದಿಲ್ಲ. ಹೊರಗೆ ಸಿಕ್ಕಾಗ ಎತ್ತಿಕೊಂಡು ತಿನ್ನುತ್ತದೆ, ಸಿಗದಿದ್ದಾಗ ಮಾಡಿಕೊಳ್ಳುತ್ತದೆ. ಹಾಗಾದರೆ ಸಿಗುತ್ತಿಲ್ಲ ಅಂತ ಅದಕ್ಕೆ ತಿಳಿಯುವುದು ಹೇಗೆ? ಕಣ್ಣಿಲ್ಲ, ಮಿದುಳಿಲ್ಲ, ಹೊಟ್ಟೆಯೂ ಇಲ್ಲ. ಇವತ್ತು ನಾನು ಮಾತಾಡಲು ಬಂದಿರುವುದು ಇದರ ಬಗ್ಗೆ.

ಮೊದಲು ಒಂದು ಪರಿಚಯ ಮಾಡಿಕೊಡುತ್ತೇನೆ. ಬಯಾಲಜಿ ಓದದವರೂ ಇಲ್ಲಿದ್ದೀರಿ. ನಿಮಗೆಲ್ಲ ಪಹಣಿ ಗೊತ್ತು. ಸಾಲಕ್ಕೋ ಬೆಳೆ ವಿಮೆಗೋ ಪಹಣಿ ಬೇಕಾದಾಗ ಮೂಲ ದಾಖಲೆಯನ್ನು ಯಾರೂ ಕೈಗೆ ಕೊಡುವುದಿಲ್ಲ. ಅದು ಕಚೇರಿ ಬಿಟ್ಟು ಹೊರಗೆ ಬರುವುದಿಲ್ಲ. ನಮ್ಮ ಸರ್ವೆ ನಂಬರಿನ ನಕಲು ಮಾತ್ರ ಕೊಡುತ್ತಾರೆ. ಜೀವಕೋಶದಲ್ಲೂ ಹೀಗೇ. ಡಿಎನ್‌ಎ ಅನ್ನುವುದು ಮೂಲ ದಾಖಲೆ. ಕೋಶದ ನಡುವಿನ ಕೋಣೆ ಬಿಟ್ಟು ಅದು ಹೊರಬರುವುದಿಲ್ಲ. ಬೇಕಾದ ಪುಟದ ನಕಲು ತೆಗೆದು ಹೊರಗೆ ಕಳಿಸುತ್ತಾರೆ. ಆ ನಕಲಿಗೆ ಎಂ-ಆರ್‌ಎನ್‌ಎ ಅಂತ ಹೆಸರು. ನಕಲು ತೆಗೆಯುವ ಕೆಲಸಕ್ಕೆ ನಿಮ್ಮ ಪುಸ್ತಕದಲ್ಲಿ ಪ್ರತಿಲೇಖನ ಅಂತ ಬರೆದಿರುತ್ತದೆ. ನಾನು ಸುಮ್ನೆ ನಕಲು ಅಂತಲೇ ಅನ್ನುತ್ತೇನೆ. ಹೊರಗೆ ಬಂದ ನಕಲನ್ನು ರೈಬೋಸೋಮ್ ಎಂಬ ಯಂತ್ರ ಓದಿ ಪ್ರೋಟೀನ್ ಕಟ್ಟುತ್ತದೆ.

ಯೀಸ್ಟಿನ ದಾಖಲೆಯಲ್ಲಿ 16 ಕಟ್ಟುಗಳಿವೆ, ಸುಮಾರು 1.2 ಕೋಟಿ ಅಕ್ಷರ, ಸುಮಾರು 6000 ಜೀನ್. ಒಂದೊಂದು ಜೀನ್ ಒಂದೊಂದು ಪುಟ ಅಂದುಕೊಳ್ಳಿ. 1996ರಲ್ಲಿ ಅದನ್ನು ಪೂರ್ತಿ ಓದಿ ಮುಗಿಸಿದರು. ಕೋಶದೊಳಗೆ ನ್ಯೂಕ್ಲಿಯಸ್, ಅಂದರೆ ಆ ನಡುವಿನ ಕೋಣೆ, ಇರುವ ಜೀವಿಗಳಲ್ಲಿ ಮೊದಲು ಪೂರ್ತಿ ಓದಿಸಿಕೊಂಡದ್ದು ಈ ಯೀಸ್ಟೇ. 6000 ಪುಟದಲ್ಲಿ ಈ ಹೊತ್ತಿಗೆ ಯಾವುದರ ನಕಲು ತೆಗೆಯಬೇಕು ಅನ್ನುವುದರ ಮೇಲೆ ಅದರ ಬದುಕು ನಿಂತಿದೆ.

ಈಗ ಹಸಿವಿಗೆ ಬರೋಣ.

ನಮ್ಮ ಎಪಿಎಂಸಿ ಯಾರ್ಡ್ ನೆನಪಿಸಿಕೊಳ್ಳಿ. ಹತ್ತಿ ಸೀಸನ್. ಈ ವರ್ಷ ಊರುಗಳಲ್ಲಿ ಹತ್ತಿ ಎಷ್ಟು ಬೆಳೆದಿದೆ ಅಂತ ತಿಳಿಯಲು ಹೊಲ ಹೊಲ ಸುತ್ತಬೇಕಾಗಿಲ್ಲ. ಗೇಟಿನಲ್ಲಿ ಒಬ್ಬ ಕೂತು ಎಷ್ಟು ಗಾಡಿ ತುಂಬಿ ಬಂದವು, ಎಷ್ಟು ಖಾಲಿ ನಿಂತಿವೆ ಅಂತ ನೋಡಿದರೆ ಸಾಕು. ಯೀಸ್ಟ್ ಮಾಡುವುದು ಇದನ್ನೇ. ಅಮೈನೋ ಆಮ್ಲಗಳನ್ನು ರೈಬೋಸೋಮಿಗೆ ಹೊತ್ತು ತರುವ ಗಾಡಿಗಳಿವೆ. ಹೆಸರು ಟಿ-ಆರ್‌ಎನ್‌ಎ. ಲೈಸೀನಿಗೆ ಬೇರೆ ಗಾಡಿ, ಹಿಸ್ಟಿಡೀನಿಗೆ ಬೇರೆ ಗಾಡಿ. ಹಿಸ್ಟಿಡೀನ್ ಕಡಿಮೆಯಾದರೆ ಅದರ ಗಾಡಿಗಳು ಖಾಲಿ ನಿಲ್ಲುತ್ತವೆ.

ಗೇಟಿನಲ್ಲಿ ಕೂತವನ ಹೆಸರು ಜಿಸಿಎನ್-2. ಅದೊಂದು ಪ್ರೋಟೀನ್. ಖಾಲಿ ಟಿ-ಆರ್‌ಎನ್‌ಎ ಬಂದು ತನಗೆ ತಾಗಿದರೆ ಎಚ್ಚರವಾಗುತ್ತದೆ. ಯಾವ ಅಮೈನೋ ಆಮ್ಲದ ಗಾಡಿ ಅಂತ ಕೇಳುವುದಿಲ್ಲ. ಖಾಲಿ ಇದೆಯಾ, ಅಷ್ಟೇ ಸಾಕು. ಇದು ನನಗೆ ತುಂಬ ಹಿಡಿಸುವ ಸಂಗತಿ. 20 ಸರಕಿಗೆ 20 ಕಾವಲುಗಾರರನ್ನು ಇಡುವ ಬದಲು, ಖಾಲಿತನವನ್ನೇ ಗುರುತು ಹಿಡಿಯುವ ಒಬ್ಬನನ್ನು ಇಟ್ಟಿದೆ.

ಎಚ್ಚರವಾದ ಜಿಸಿಎನ್-2 ಮಾಡುವ ಮೊದಲ ಕೆಲಸ, ಕೋಶದಲ್ಲಿ ಪ್ರೋಟೀನ್ ಕಟ್ಟುವುದನ್ನು ನಿಧಾನ ಮಾಡುವುದು. ಇದು ಸರಿಯೇ. ಇಟ್ಟಿಗೆ ಇಲ್ಲದಾಗ ಗೋಡೆ ಎಬ್ಬಿಸಬಾರದು. ಆದರೆ ಇಲ್ಲೊಂದು ಸಿಕ್ಕು ಇದೆ, ಗಮನ ಕೊಟ್ಟು ಕೇಳಿ. ಅಮೈನೋ ಆಮ್ಲ ಮಾಡುವ ಪುಟಗಳನ್ನು ತೆರೆಸಲು ಇನ್ನೊಂದು ಪ್ರೋಟೀನ್ ಬೇಕು, ಜಿಸಿಎನ್-4. ಅದನ್ನು ಹೊಸದಾಗಿ ಕಟ್ಟಬೇಕು. ಎಲ್ಲರಿಗೂ ಕೆಲಸ ನಿಲ್ಲಿಸಿ ಅಂತ ಹೇಳಿ, ಅದೇ ಗಳಿಗೆಯಲ್ಲಿ ಒಂದನ್ನು ಮಾತ್ರ ಜಾಸ್ತಿ ಕಟ್ಟಿಸುವುದು ಹೇಗೆ? ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಅಲನ್ ಹಿನ್ನೆಬುಶ್ ಮತ್ತು ಅವರ ಜೊತೆಗಾರರು ಈ ಒಂದು ಗಂಟನ್ನು ಬಿಡಿಸಲು ವರ್ಷಗಟ್ಟಲೆ ಕೂತರು. ಅವರು ಕಂಡುಕೊಂಡದ್ದನ್ನು ನಮ್ಮೂರ ದಾರಿಯಲ್ಲಿ ಇಟ್ಟು ಹೇಳುತ್ತೇನೆ.

ರಾಯಚೂರಿನಿಂದ ಮಂತ್ರಾಲಯಕ್ಕೆ ನಡೆದು ಹೋದವರು ಇಲ್ಲಿ ಇದ್ದೇ ಇರುತ್ತೀರಿ. ಆ ದಾರಿಯಲ್ಲಿ ನಾಲ್ಕು ಛತ್ರ ಇವೆ ಅಂದುಕೊಳ್ಳಿ. ಕೊನೆಗೆ ಮಂತ್ರಾಲಯ. ಒಂದು ನಿಯಮ: ಒಬ್ಬರೇ ಬಂದರೆ ಯಾವ ಬಾಗಿಲೂ ತೆರೆಯುವುದಿಲ್ಲ, ಜೊತೆಗೊಬ್ಬರು ಇರಲೇಬೇಕು. ಇನ್ನೊಂದು ನಿಯಮ: ನಾಲ್ಕನೇ ಛತ್ರದ ಒಳಗೆ ಹೋದವರು ಅಲ್ಲೇ ಉಳಿಯುತ್ತಾರೆ, ಯಾತ್ರೆ ಅಲ್ಲಿಗೆ ಮುಗಿಯಿತು.

ದಾರಿ ಅಂದರೆ ಜಿಸಿಎನ್-4ರ ನಕಲು. ಅದರ ಮುಂಭಾಗದಲ್ಲಿ ನಾಲ್ಕು ಪುಟ್ಟ ಸುಳ್ಳು ಓದುಗಳಿವೆ, ಎರಡು ಮೂರು ಅಮೈನೋ ಆಮ್ಲಕ್ಕೆ ಮುಗಿದು ಹೋಗುವಂಥವು. ಅವೇ ಛತ್ರಗಳು. ಆಮೇಲೆ ಬರುವ ನಿಜವಾದ ಓದು ಮಂತ್ರಾಲಯ. ನಡೆಯುವವರು ರೈಬೋಸೋಮ್. ಜೊತೆಗಾರ ಅಂದರೆ ಮೊದಲ ಅಮೈನೋ ಆಮ್ಲವನ್ನು ಹಿಡಿದು ತರುವ ಇಐಎಫ್-2 ಎಂಬ ಪ್ರೋಟೀನ್. ಅದು ಬಂದು ಸೇರದೆ ರೈಬೋಸೋಮ್ ಯಾವ ಓದನ್ನೂ ಶುರು ಮಾಡಲಾರದು.

ರೈಬೋಸೋಮ್ ಮೊದಲ ಛತ್ರಕ್ಕೆ ಜೊತೆಗಾರನ ಸಮೇತ ಬರುತ್ತದೆ. ಒಳಗೆ ಹೋಗಿ, ಓದಿ, ಹೊರಬರುತ್ತದೆ. ಅದರ ದೊಡ್ಡ ಭಾಗ ಕಳಚಿಕೊಳ್ಳುತ್ತದೆ, ಜೊತೆಗಾರನೂ ಹೋದ. ಚಿಕ್ಕ ಭಾಗ ಮಾತ್ರ ಒಂಟಿಯಾಗಿ ಮುಂದೆ ನಡೆಯುತ್ತದೆ. ಈಗ ಅದಕ್ಕೆ ಹೊಸ ಜೊತೆ ಸಿಗಬೇಕು.

ಊಟ ಚೆನ್ನಾಗಿದ್ದ ದಿನ ದಾರಿ ತುಂಬ ಜೊತೆಗಾರರು. ನಾಲ್ಕು ಹೆಜ್ಜೆಗೆ ಒಬ್ಬ ಸಿಗುತ್ತಾನೆ. ನಾಲ್ಕನೇ ಛತ್ರ ಬರುವುದರೊಳಗೆ ಜೊತೆ ಆಗಿರುತ್ತದೆ, ಒಳಗೆ ಹೋಗುತ್ತದೆ, ಅಲ್ಲೇ ಮುಗಿಯುತ್ತದೆ. ಮಂತ್ರಾಲಯ ಮುಟ್ಟುವವರು ತೀರ ಕಡಿಮೆ. ಜಿಸಿಎನ್-4 ಹುಟ್ಟುವುದೇ ಅಪರೂಪ.

ಹಸಿವಿನ ದಿನ? ಎಚ್ಚರಗೊಂಡ ಜಿಸಿಎನ್-2 ಹೋಗಿ ಜೊತೆಗಾರರ ಮೈಗೆ ಫಾಸ್ಫೇಟಿನ ಮುದ್ರೆ ಒತ್ತುತ್ತದೆ. ಮುದ್ರೆ ಬಿದ್ದವರು ಮತ್ತೆ ಸಜ್ಜಾಗುವುದು ನಿಧಾನ, ಬೇರೆಯವರು ಸಜ್ಜಾಗುವುದಕ್ಕೂ ಅವರೇ ಅಡ್ಡ. ದಾರಿಯಲ್ಲಿ ಜನ ಕಡಿಮೆಯಾದರು. ಒಂಟಿ ರೈಬೋಸೋಮ್ ನಡೆಯುತ್ತದೆ, ನಡೆಯುತ್ತದೆ, ಎರಡು ದಾಟಿತು, ಮೂರು ದಾಟಿತು. ನಾಲ್ಕನೇ ಛತ್ರದ ಮುಂದೆ ಬಂದಾಗಲೂ ಜೊತೆ ಇಲ್ಲ. ಬಾಗಿಲು ತೆರೆಯಲಿಲ್ಲ, ದಾಟಿ ಹೋಯಿತು. ಅಲ್ಲಿಂದ ಮುಂದೆ ಇನ್ನೂ ಒಂದಿಷ್ಟು ದಾರಿ ಇದೆ. ಆ ದಾರಿಯಲ್ಲಿ ಕೊನೆಗೂ ಒಬ್ಬ ಸಿಗುತ್ತಾನೆ. ನೇರ ಮಂತ್ರಾಲಯ.

ಉಳಿದ ಎಲ್ಲ ಪ್ರೋಟೀನುಗಳನ್ನು ನಿಧಾನ ಮಾಡಿದ ಅದೇ ಕೊರತೆ ಈ ಒಂದು ಪ್ರೋಟೀನನ್ನು ದಡ ಮುಟ್ಟಿಸಿತು. ಇದಕ್ಕೆ ಬೇರೆ ಅಧಿಕಾರಿ ಬೇಕಾಗಲಿಲ್ಲ, ಬೇರೆ ಆದೇಶ ಬೇಕಾಗಲಿಲ್ಲ. ದಾರಿ ಹಾಕಿದ ರೀತಿಯಲ್ಲೇ ಉತ್ತರ ಇತ್ತು. ನಾನು ಇದನ್ನು ಮೊದಲ ಸಲ ಅರ್ಥ ಮಾಡಿಕೊಂಡ ರಾತ್ರಿ ಹಾಸ್ಟೆಲ್ಲಿನ ತಾರಸಿ ಮೇಲೆ ಹೋಗಿ ಸುಮಾರು ಹೊತ್ತು ಒಬ್ಬನೇ ಓಡಾಡಿದ್ದೆ. ಮಲಗಲು ಆಗಿರಲಿಲ್ಲ. ಇನ್ನೊಂದು ಮಾತು, ಇದು ಯೀಸ್ಟಿಗೆ ಮಾತ್ರ ಸೇರಿದ್ದಲ್ಲ. ನಮ್ಮ ಕೋಶಗಳಲ್ಲೂ ಜಿಸಿಎನ್-2 ಇದೆ. ಅಲ್ಲಿ ದಡ ಮುಟ್ಟುವ ಪ್ರೋಟೀನಿನ ಹೆಸರು ಎಟಿಎಫ್-4. ಉಪಾಯ ಇದೇ.

ಈಗ ಜಿಸಿಎನ್-4 ಹುಟ್ಟಿತು. ಅದು ದಾಖಲೆ ಕೋಣೆಯೊಳಗೆ ಹೋಗುತ್ತದೆ. ಅಲ್ಲಿ ಹುಡುಕುವುದು 7 ಅಕ್ಷರದ ಒಂದು ಗುರುತನ್ನು: ಟಿ, ಜಿ, ಎ, ಸಿ, ಟಿ, ಸಿ, ಎ. ಯಾವ ಜೀನಿನ ಮುಂದೆ ಈ ಗುರುತು ಇದೆಯೋ ಅಲ್ಲಿ ಎರಡು ಜಿಸಿಎನ್-4 ಜೋಡಿಯಾಗಿ, ಚಿಮಟ ಹಿಡಿದ ಹಾಗೆ, ಡಿಎನ್‌ಎಯನ್ನು ಕಚ್ಚಿ ಕೂರುತ್ತವೆ. ಕೂತು ಬೇರೆಯವರನ್ನು ಕರೆಯುತ್ತವೆ. ಡಿಎನ್‌ಎ ಅಲ್ಲಿ ಬಿಚ್ಚಿಟ್ಟ ಹಾಳೆಯ ಹಾಗೆ ಇರುವುದಿಲ್ಲ. ಹಿಸ್ಟೋನ್ ಎಂಬ ಉಂಡೆಗಳಿಗೆ ದಾರ ಸುತ್ತಿದ ಹಾಗೆ ಸುತ್ತಿರುತ್ತದೆ. ಕರೆಗೆ ಬಂದ ಕೆಲವರು ಆ ಉಂಡೆಗಳನ್ನು ಸರಿಸುತ್ತಾರೆ. ಮೀಡಿಯೇಟರ್ ಎಂಬ ದೊಡ್ಡ ತಂಡ ನಕಲು ಯಂತ್ರವನ್ನು ಕರೆತಂದು ಕೂರಿಸುತ್ತದೆ. ಈ ಮೀಡಿಯೇಟರ್ ಸಿಕ್ಕಿದ್ದೂ ಯೀಸ್ಟಿನಲ್ಲೇ, ರೋಜರ್ ಕಾರ್ನ್‌ಬರ್ಗ್ ಅವರ ಲ್ಯಾಬಿನಲ್ಲಿ. ನಕಲು ಯಂತ್ರ ಕೆಲಸ ಮಾಡುವ ರೀತಿಯನ್ನು ಅಣು ಅಣುವಾಗಿ ತೋರಿಸಿದ್ದಕ್ಕೆ ಅವರಿಗೆ 2006ರಲ್ಲಿ ನೊಬೆಲ್ ಬಂತು. ಅವರು ಬಳಸಿದ ಯಂತ್ರವೂ ಯೀಸ್ಟಿನದೇ.

ಒಂದು ವಿಶೇಷ ಇದೆ. ಕಡಿಮೆ ಬಿದ್ದದ್ದು ಹಿಸ್ಟಿಡೀನ್ ಒಂದೇ ಆದರೂ, ಜಿಸಿಎನ್-4 ಹೆಚ್ಚುಕಡಿಮೆ ಎಲ್ಲ ಅಮೈನೋ ಆಮ್ಲಗಳ ಪುಟಗಳನ್ನೂ ತೆರೆಸುತ್ತದೆ. ನೂರಾರು ಜೀನ್. ಇದು ದುಂದು ಅಂತ ನಿಮಗೆ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಹಣ್ಣಿನ ಮೇಲೆ ಬದುಕುವ ಯೀಸ್ಟಿಗೆ ಒಂದು ಅಮೈನೋ ಆಮ್ಲ ಮುಗಿಯಿತು ಅಂದರೆ ಉಳಿದವೂ ಮುಗಿಯುವ ಹೊತ್ತು ಹತ್ತಿರ ಇದೆ ಅಂತಲೇ ಅರ್ಥ.

ಈಗ ನನ್ನ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಅಂಗೈಯಗಲದ ಒಂದು ಪೆಟ್ರಿ ತಟ್ಟೆ. ಒಳಗೆ ಗಟ್ಟಿ ಕಟ್ಟಿದ ಅಗರ್. ಹಿಸ್ಟಿಡೀನ್ ಹಾಕಿಲ್ಲ. ಅದಲ್ಲದೆ ಅಮೈನೋಟ್ರಯಜೋಲ್ ಎಂಬ ಪುಡಿ ಕರಗಿಸಿದ್ದೇವೆ. ಇದನ್ನು ಹಿಂದೆ ಕಳೆನಾಶಕವಾಗಿ ಬಳಸುತ್ತಿದ್ದರು. ಯೀಸ್ಟಿನಲ್ಲಿ ಇದು ಹಿಸ್ಟಿಡೀನ್ ಮಾಡುವ ಒಂದು ಕಿಣ್ವಕ್ಕೆ ಅಡ್ಡಗಾಲು ಹಾಕುತ್ತದೆ. ಅಂದರೆ ಹೊರಗೂ ಹಿಸ್ಟಿಡೀನ್ ಇಲ್ಲ, ಒಳಗಿನ ಕಾರ್ಖಾನೆಗೂ ತಡೆ. ಬದುಕಬೇಕಾದರೆ ಆ ಕಿಣ್ವವನ್ನು ತಡೆಗಿಂತ ಜಾಸ್ತಿ ಮಾಡಿಕೊಳ್ಳಬೇಕು.

ತಟ್ಟೆಯ ಎಡಕ್ಕೆ ಸಾಮಾನ್ಯ ಯೀಸ್ಟಿನ ಹನಿ ಇಟ್ಟೆ. ಬಲಕ್ಕೆ ಜಿಸಿಎನ್-4 ಜೀನ್ ತೆಗೆದು ಹಾಕಿದ ಯೀಸ್ಟಿನ ಹನಿ. 30 ಡಿಗ್ರಿಯಲ್ಲಿ ಇಡಬೇಕು. ತಂಪು ದೇಶದವರು ಬಿಸಿ ಪೆಟ್ಟಿಗೆಯಲ್ಲಿ ಇಡುತ್ತಾರೆ. ನಮ್ಮ ಏಪ್ರಿಲ್ಲಿನಲ್ಲಿ 30 ಡಿಗ್ರಿ ಬೇಕೆಂದರೆ ಪೆಟ್ಟಿಗೆ ತಂಪು ಮಾಡಬೇಕು. ಎರಡು ಸಲ ಕರೆಂಟು ಹೋಗಿ ತಟ್ಟೆಗಳು ಬೆಂದು ಹಾಳಾದವು. ಮೂರನೇ ಸಲ ಉಳಿದವು. ಮೂರನೇ ದಿನ ಬೆಳಿಗ್ಗೆ ಮುಚ್ಚಳ ಎತ್ತಿದೆ. ಬ್ರೆಡ್ಡಿನ ವಾಸನೆ. ಎಡಗಡೆ ಬೆಣ್ಣೆ ಬಣ್ಣದ, ದಪ್ಪನೆಯ, ಹೊಳೆಯುವ ಚುಕ್ಕೆಗಳು. ಬಲಗಡೆ ಬರೀ ಅಗರ್. ದೀಪಕ್ಕೆ ಅಡ್ಡ ಹಿಡಿದು ನೋಡಿದರೆ ಹನಿ ಇಟ್ಟ ಜಾಗದಲ್ಲಿ ಒಂದು ತೆಳ್ಳನೆಯ ಮಬ್ಬು, ಅಷ್ಟೇ. ಎರಡಕ್ಕೂ ಹಿಸ್ಟಿಡೀನ್ ಮಾಡುವ ಜೀನ್ ಇದೆ. ಪುಟ ಎರಡರಲ್ಲೂ ಇದೆ. ಬಲಗಡೆಯದಕ್ಕೆ ಅದರ ನಕಲು ಜಾಸ್ತಿ ತೆಗೆಸುವವನು ಇಲ್ಲ. ಆ ತಟ್ಟೆಗೆ ಆಮೇಲೆ ಏನು ಮಾಡಿದೆ ಅಂತ ಕೊನೆಗೆ ಹೇಳುತ್ತೇನೆ.

ಸಕ್ಕರೆಯ ಕಥೆಯನ್ನು ಬೇಗ ಮುಗಿಸುತ್ತೇನೆ, ಅದು ಪಠ್ಯದಲ್ಲಿ ಸಿಗುತ್ತದೆ. ಯೀಸ್ಟಿಗೆ ಗ್ಲೂಕೋಸ್ ಅಂದರೆ ಪ್ರಾಣ. ಅದು ಇರುವವರೆಗೆ ಬೇರೆ ಸಕ್ಕರೆಯ ಪುಟಗಳ ಮೇಲೆ ಮಿಗ್-1 ಎಂಬ ಪ್ರೋಟೀನ್ ಕೂತು ನಕಲು ತೆಗೆಯಲು ಬಿಡುವುದಿಲ್ಲ. ಗ್ಲೂಕೋಸ್ ಮುಗಿದರೆ ಎಸ್‌ಎನ್‌ಎಫ್-1 ಎಂಬ ಕಿಣ್ವ ಮಿಗ್-1ಕ್ಕೆ ಫಾಸ್ಫೇಟ್ ಅಂಟಿಸಿ ಕೋಣೆಯಿಂದ ಹೊರಗೆ ಕಳಿಸುತ್ತದೆ. ಆದರೆ ಅಷ್ಟಕ್ಕೇ ಎಲ್ಲ ಪುಟ ತೆರೆಯುವುದಿಲ್ಲ. ಗ್ಯಾಲಕ್ಟೋಸಿನ ಪುಟ ನೋಡಿ. ಅಲ್ಲಿ ಗ್ಯಾಲ್-4 ಎಂಬುದು ಕೆಲಸಕ್ಕೆ ತಯಾರಾಗಿ ಕೂತಿರುತ್ತದೆ, ಗ್ಯಾಲ್-80 ಅದರ ಬಾಯಿ ಮುಚ್ಚಿರುತ್ತದೆ. ಗ್ಯಾಲಕ್ಟೋಸ್ ನಿಜವಾಗಿ ಬಂದರೆ ಗ್ಯಾಲ್-3 ಅದನ್ನು ಹಿಡಿದುಕೊಂಡು ಹೋಗಿ ಗ್ಯಾಲ್-80ನ್ನು ಎಳೆದುಕೊಳ್ಳುತ್ತದೆ. ಆಗ ನಕಲು ಸಾವಿರ ಪಟ್ಟು ಏರುತ್ತದೆ. ಒಳ್ಳೆಯದು ಮುಗಿದಿರಬೇಕು, ಬದಲಿಯದು ಕೈಗೆ ಬಂದಿರಬೇಕು, ಎರಡೂ ಆದರೆ ಮಾತ್ರ.

1997ರಲ್ಲಿ ಜೋಸೆಫ್ ಡಿರಿಸಿ, ವಿಶ್ವನಾಥ್ ಅಯ್ಯರ್ ಮತ್ತು ಪ್ಯಾಟ್ರಿಕ್ ಬ್ರೌನ್ ಗಾಜಿನ ಪಟ್ಟಿಯ ಮೇಲೆ ಯೀಸ್ಟಿನ ಹೆಚ್ಚುಕಡಿಮೆ ಎಲ್ಲ ಜೀನುಗಳ ಚುಕ್ಕೆ ಇಟ್ಟು, ಗ್ಲೂಕೋಸ್ ಮುಗಿಯುವ ಹೊತ್ತಿಗೆ ಏನಾಗುತ್ತದೆ ಅಂತ ಒಟ್ಟಿಗೇ ನೋಡಿದರು. ಸುಮಾರು 700 ಜೀನುಗಳ ನಕಲು ಎರಡು ಪಟ್ಟೋ ಅದಕ್ಕಿಂತ ಜಾಸ್ತಿಯೋ ಏರಿತ್ತು. ಸುಮಾರು 1000 ಜೀನುಗಳದು ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದಿತ್ತು. ಏರಿದ್ದಕ್ಕಿಂತ ಇಳಿದದ್ದೇ ಜಾಸ್ತಿ, ನೋಡಿದಿರಾ?

ಇಳಿದವು ಯಾವುವು? ಅಲ್ಲಿಗೇ ಬರುತ್ತೇನೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ ಹೊಲ ಇರುವವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಡ್ಯಾಮಿನಲ್ಲಿ ನೀರು ಕಡಿಮೆ ಆದ ವರ್ಷ ನೀರಾವರಿ ಸಲಹಾ ಸಮಿತಿ ಕೂತು ಏನು ತೀರ್ಮಾನ ಮಾಡುತ್ತದೆ? ಕುಡಿಯುವ ನೀರು ಉಳಿಸಿ, ಎರಡನೇ ಬೆಳೆಗೆ ನೀರಿಲ್ಲ. ಮೊದಲು ನಿಲ್ಲುವುದು ಭತ್ತ, ನೀರು ಜಾಸ್ತಿ ಕುಡಿಯುವುದು ಅದೇ. ಕೋಶದ ಭತ್ತ ಅಂದರೆ ರೈಬೋಸೋಮ್ ಕಟ್ಟುವ ಕೆಲಸ.

ಲೆಕ್ಕ ಕೇಳಿ. ಚೆನ್ನಾಗಿ ತಿಂದ ಯೀಸ್ಟ್ ಸುಮಾರು 90 ನಿಮಿಷಕ್ಕೆ ಎರಡಾಗುತ್ತದೆ. ಅದರೊಳಗೆ ಸುಮಾರು 2 ಲಕ್ಷ ರೈಬೋಸೋಮ್ ಇರುತ್ತವೆ. ಹುಟ್ಟುವ ಮಗಳು ಕೋಶಕ್ಕೂ ಅಷ್ಟೇ ಬೇಕು. ಅಂದರೆ ನಿಮಿಷಕ್ಕೆ 2000ಕ್ಕೂ ಜಾಸ್ತಿ ಕಟ್ಟಬೇಕು. ಕೋಶ ತೆಗೆಯುವ ಒಟ್ಟು ನಕಲಿನಲ್ಲಿ 60 ಶೇಕಡಾ ರೈಬೋಸೋಮಿನ ಆರ್‌ಎನ್‌ಎಗೇ ಹೋಗುತ್ತದೆ. ಇದರ ಮೇಲೆ ರೈಬೋಸೋಮಿನ ಪ್ರೋಟೀನುಗಳಿಗೆಂದೇ 137 ಜೀನ್. ಹಸಿವಿನಲ್ಲಿ ಇದನ್ನು ನಡೆಸಿದರೆ ಕೋಶ ದಿವಾಳಿ.

ನೀರು ಬಿಡಬೇಕೋ ನಿಲ್ಲಿಸಬೇಕೋ ಅಂತ ನಿರ್ಧರಿಸುವ ಸಮಿತಿಯ ಜಾಗದಲ್ಲಿ ಇಲ್ಲಿ ಟಾರ್ ಎಂಬ ಪ್ರೋಟೀನ್ ಇದೆ. ಊಟ ಇದ್ದಾಗ ಟಾರ್ ಚುರುಕು. ಅದು ಚುರುಕಾಗಿರುವವರೆಗೆ ಎಸ್‌ಎಫ್‌ಪಿ-1 ಎಂಬ ಪ್ರೋಟೀನ್ ದಾಖಲೆ ಕೋಣೆಯಲ್ಲಿ ಕೂತು ರೈಬೋಸೋಮಿನ ನಕಲು ತೆಗೆಸುತ್ತಿರುತ್ತದೆ. ಸಾರಜನಕ ಮುಗಿಯಿತು ಅನ್ನಿ. ಟಾರ್ ಸುಮ್ಮನಾಗುತ್ತದೆ. ಕೆಲವೇ ನಿಮಿಷದಲ್ಲಿ ಎಸ್‌ಎಫ್‌ಪಿ-1 ಕೋಣೆಯಿಂದ ಎದ್ದು ಹೊರಬರುತ್ತದೆ. ಅದೇ ಹೊತ್ತಿಗೆ ಹೊರಗೆ ತಡೆದು ನಿಲ್ಲಿಸಿದ್ದ ಜಿಎಲ್‌ಎನ್-3 ಬಿಡುಗಡೆಯಾಗಿ ಒಳಗೆ ಹೋಗುತ್ತದೆ, ಸಿಕ್ಕ ಸಿಕ್ಕ ಮೂಲದಿಂದ ಸಾರಜನಕ ಹೆಕ್ಕುವ ಪುಟಗಳನ್ನು ತೆರೆಸಲು. ಎಂಎಸ್‌ಎನ್-2 ಕೂಡ ಒಳಗೆ ಹೋಗುತ್ತದೆ, ಅದು ಕಷ್ಟಕಾಲದ ಪುಟಗಳನ್ನು ನೋಡಿಕೊಳ್ಳುತ್ತದೆ. ಈ ಪ್ರೋಟೀನುಗಳಿಗೆ ಹಸಿರಾಗಿ ಹೊಳೆಯುವ ಬಾಲ ಅಂಟಿಸಿ ಮೈಕ್ರೋಸ್ಕೋಪಿನಲ್ಲಿ ನೋಡಬಹುದು. ಒಂದು ಕೋಶದಲ್ಲಿ ನಡುವಿನ ಚುಕ್ಕೆ ಕರಗಿ ಹಸಿರು ಎಲ್ಲ ಕಡೆ ಹರಡುತ್ತದೆ. ಇನ್ನೊಂದರಲ್ಲಿ ಹರಡಿದ್ದ ಹಸಿರು ನಡುವೆ ಬಂದು ಚುಕ್ಕೆಯಾಗುತ್ತದೆ. ಚಹಾ ತರಿಸಿ ಕುಡಿಯುವಷ್ಟು ಹೊತ್ತೂ ಬೇಡ.

ಟಾರ್ ಸಿಕ್ಕ ಕಥೆ ಸ್ವಲ್ಪ ದಾರಿ ತಪ್ಪಿದ ಮಾತು, ಆದರೂ ಹೇಳುತ್ತೇನೆ. 1964ರಲ್ಲಿ ಒಂದು ತಂಡ ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದಿಂದ ಮಣ್ಣು ತಂದಿತು. ಅಲ್ಲಿಯವರು ಆ ದ್ವೀಪಕ್ಕೆ ರಾಪಾ ನುಯಿ ಅನ್ನುತ್ತಾರೆ. ಆ ಮಣ್ಣಿನ ಒಂದು ಬ್ಯಾಕ್ಟೀರಿಯಾದಿಂದ ಶಿಲೀಂಧ್ರದ ಬೆಳವಣಿಗೆ ನಿಲ್ಲಿಸುವ ಒಂದು ರಸ ಸಿಕ್ಕಿತು. ಭಾರತೀಯ ಮೂಲದ ಸುರೇಂದ್ರನಾಥ್ ಸೆಹಗಲ್ ಮತ್ತು ಅವರ ತಂಡ ಅದನ್ನು ಬೇರ್ಪಡಿಸಿ, ದ್ವೀಪದ ಹೆಸರಿನಿಂದಲೇ ರಾಪಾಮೈಸಿನ್ ಎಂದು ಕರೆದರು. ಅದು ಯೀಸ್ಟಿನಲ್ಲಿ ಯಾವುದನ್ನು ಹಿಡಿದು ನಿಲ್ಲಿಸುತ್ತದೆ ಅಂತ ಹುಡುಕಿ 1991ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಹೈಟ್‌ಮನ್, ಮೊವ್ವ ಮತ್ತು ಹಾಲ್ ಟಾರ್ ಜೀನುಗಳನ್ನು ಕಂಡುಕೊಂಡರು. ಈಗ ಕಿಡ್ನಿ ಬದಲಾಯಿಸಿಕೊಂಡವರಿಗೆ ರಾಪಾಮೈಸಿನ್ ಕೊಡುತ್ತಾರೆ. ಚೆನ್ನಾಗಿ ತಿಂದ ಯೀಸ್ಟಿಗೆ ಈ ರಸ ಹಾಕಿ ನೋಡಿ. ಸುತ್ತ ಊಟ ತುಂಬಿದ್ದರೂ ಹಸಿದ ಯೀಸ್ಟ್ ತೆರೆಯುವ ಪುಟಗಳನ್ನೇ ತೆರೆದು ಕೂರುತ್ತದೆ.

ಹಿಂದಿನ ಸಾಲಿನಲ್ಲಿ ಕೂತ ಒಬ್ಬ ಹುಡುಗಿ ಈಗ ಚೀಟಿ ಕಳಿಸಿದ್ದಾಳೆ: "ಸರ್, ಊಟ ಮತ್ತೆ ಸಿಕ್ಕರೆ ಜಿಸಿಎನ್-4 ಏನಾಗುತ್ತದೆ?" ತುಂಬ ಒಳ್ಳೆಯ ಪ್ರಶ್ನೆ. ತೆರೆಯುವುದನ್ನೇ ಹೇಳುತ್ತಾ ಮುಚ್ಚುವುದನ್ನು ಬಿಟ್ಟಿದ್ದೆ. ಜಿಸಿಎನ್-4ರ ಆಯಸ್ಸು ಕಡಿಮೆ. ಚೆನ್ನಾಗಿ ತಿಂದ ಕೋಶದಲ್ಲಿ ಇರುವುದರಲ್ಲಿ ಅರ್ಧ ಕೆಲವೇ ನಿಮಿಷದಲ್ಲಿ ಇಲ್ಲವಾಗುತ್ತದೆ. ಪಿಎಚ್‌ಒ-85 ಎಂಬ ಕಿಣ್ವ ಅದಕ್ಕೆ ಗುರುತು ಹಾಕುತ್ತದೆ, ಕೋಶದ ರುಬ್ಬುವ ಯಂತ್ರ ಅದನ್ನು ಪುಡಿ ಮಾಡುತ್ತದೆ. ಹಸಿವಿನಲ್ಲಿ ಈ ಪುಡಿ ಮಾಡುವುದೂ ನಿಧಾನವಾಗುತ್ತದೆ. ಆಗ ಒಂದು ಕಡೆ ಹುಟ್ಟುವುದು ಜಾಸ್ತಿ, ಇನ್ನೊಂದು ಕಡೆ ಸಾಯುವುದು ಕಡಿಮೆ. ಊಟ ಬಂತು ಅನ್ನಿ, ಗಾಡಿಗಳು ತುಂಬುತ್ತವೆ. ಜಿಸಿಎನ್-2 ಸುಮ್ಮನಾಗುತ್ತದೆ. ದಾರಿಯಲ್ಲಿ ಜೊತೆಗಾರರು ಮತ್ತೆ ಸಿಗುತ್ತಾರೆ, ರೈಬೋಸೋಮುಗಳು ನಾಲ್ಕನೇ ಛತ್ರದಲ್ಲೇ ನಿಲ್ಲುತ್ತವೆ. ಇದ್ದ ಜಿಸಿಎನ್-4 ಪುಡಿಯಾಗುತ್ತದೆ.

ತಟ್ಟೆಯ ಮಾತು ಬಾಕಿ ಇದೆ. ನಾಲ್ಕನೇ ದಿನ ಬಲಗಡೆಯ ಆ ಮಬ್ಬಿನ ಪಕ್ಕದಲ್ಲಿ ಕಾಳು ಮೆಣಸಿನಷ್ಟು ಅಗಲದ ಫಿಲ್ಟರ್ ಕಾಗದದ ಚೂರು ಇಟ್ಟೆ. ಅದಕ್ಕೆ ಹಿಸ್ಟಿಡೀನ್ ದ್ರಾವಣ ಒಂದು ಹನಿ ಹಾಕಿ ಮುಚ್ಚಳ ಮುಚ್ಚಿದೆ. ಎರಡು ದಿನ ಬಿಟ್ಟು ತೆರೆದಾಗ ಕಾಗದದ ಕಡೆಗಿನ ಅಂಚಿನಲ್ಲಿ ಬೆಣ್ಣೆ ಬಣ್ಣದ ಒಂದು ಸಣ್ಣ ಗೆರೆ ಎದ್ದಿತ್ತು. ಕಾಗದದಿಂದ ದೂರ ಹೋದಂತೆ ಗೆರೆ ತೆಳ್ಳಗಾಗಿ, ಒಂದು ಬೆರಳು ಅಗಲದ ಆಚೆ ಮತ್ತೆ ಬರೀ ಮಬ್ಬು.